ಕಂಜಮಲೆಯ ಉಕ್ಕು, ನಮ್ಮವರ ಹದ

ಕಬ್ಬಿಣದ ವಿದ್ಯೆ ನಮ್ಮ ದೇಶಕ್ಕೆ ಇಂಗ್ಲಿಷಿನವರು ತಂದದ್ದು ಅಂತ ಒಂದು ಮಾತು ನಮ್ಮ ಕಡೆ ಈಗಲೂ ಓಡಾಡುತ್ತೆ. ಓದಿದ ಹುಡುಗರ ಬಾಯಲ್ಲೂ ಕೇಳಿದ್ದೇನೆ. ಓದಿದ್ದು ಏಳನೇ ಕ್ಲಾಸಾದರೂ ಈ ಮಾತು ನನಗೆ ಒಪ್ಪಿಗೆ ಇಲ್ಲ. ಯಾಕಿಲ್ಲ ಅನ್ನೋದನ್ನ ಇಲ್ಲಿ ಬರೆಯುತ್ತೇನೆ.

ಮೋಡ ಇಲ್ಲದ ದಿನ ಏರ್ಕಾಡು ಘಾಟಿಯ ತಿರುವಲ್ಲಿ ನಿಂತು ಸೇಲಂ ಕಡೆ ನೋಡಿ. ಬೆಟ್ಟದ ಬುಡದಲ್ಲೇ ಸುಣ್ಣ ಚೆಲ್ಲಿದ ಹಾಗೆ ಬಿಳಿ ಬಿಳಿ ಕಾಣುತ್ತೆ, ಅದು ಬಿಳಿಕಲ್ಲಿನ ಗಣಿ. ಊರು ದಾಟಿ ಪಡುವಲಿಗೆ ಒಂದು ಕಪ್ಪು ಬೆಟ್ಟ ಒಂಟಿಯಾಗಿ ಮಲಗಿದೆ, ಅದೇ ಕಂಜಮಲೆ. ನೀವು ನಿಂತಿರೋ ಏರ್ಕಾಡಿನ ನೆತ್ತಿಯ ಮೇಲೆ ಕೆಂಪು ಮಣ್ಣು. ಬಿಳಿ, ಕಪ್ಪು, ಕೆಂಪು, ಮೂರೂ ಒಂದೇ ನೋಟಕ್ಕೆ ಸಿಗುತ್ತೆ. ಮೂರೂ ಕಾರ್ಖಾನೆಗೆ ಬೇಕಾದ ವಸ್ತು. ನಾನು ಹೆಚ್ಚಾಗಿ ಹೇಳಬೇಕು ಅಂತಿರೋದು ಕಪ್ಪು ಬೆಟ್ಟದ ವಿಷಯ.

ಕಂಜಮಲೆಗೆ ಅಮಾವಾಸ್ಯೆ ದಿನ ಜನ ಸಿದ್ಧರ ಕೋವಿಲಿಗೆ ಹೋಗುತ್ತಾರೆ. ಆ ಬೆಟ್ಟದ ಕಲ್ಲು ಎತ್ತಿದರೆ ಗಾತ್ರಕ್ಕೆ ಮೀರಿದ ತೂಕ. ಪಟ್ಟೆ ಪಟ್ಟೆಯಾಗಿ ಒಂದು ಗೆರೆ ಕಪ್ಪು, ಒಂದು ಗೆರೆ ಬಿಳುಪು. ಕಪ್ಪು ಗೆರೆ ಕಬ್ಬಿಣದ ಅದಿರು, ಬಿಳುಪು ಬೆಣಚುಕಲ್ಲು. ಈ ಅದಿರನ್ನ ಮ್ಯಾಗ್ನಟೈಟ್ ಅನ್ನುತ್ತಾರೆ. ಬಳ್ಳಾರಿ ಹೊಸಪೇಟೆ ಕಡೆಯ ಕೆಂಪು ಅದಿರು ಹೆಮಟೈಟ್. ಅದರಲ್ಲಿ ನೂರಕ್ಕೆ ಅರವತ್ತರ ಮೇಲೆ ಕಬ್ಬಿಣ ಇರುತ್ತೆ, ಆದರೆ ಸೂಜಿಗಲ್ಲು ಹಿಡಿದರೆ ಬರೋಲ್ಲ. ನಮ್ಮದರಲ್ಲಿ ಮೂವತ್ತೈದು ನಲವತ್ತು ಅಷ್ಟೆ, ಆದರೆ ಸೂಜಿಗಲ್ಲಿಗೆ ಓಡಿ ಬಂದು ಅಂಟುತ್ತೆ. ನನ್ನ ಹಾಡಿನ ಮೈಕಿನ ಪೆಟ್ಟಿಗೆ ಕೆಟ್ಟು ಹೋದಾಗ ಒಳಗಿನ ಸ್ಪೀಕರಿನ ಸೂಜಿಗಲ್ಲು ತೆಗೆದಿಟ್ಟುಕೊಂಡಿದ್ದೇನೆ. ಮಳೆ ಹೊಯ್ದ ಮಾರನೇ ದಿನ ಹಳ್ಳದ ಮರಳಲ್ಲಿ ಅದನ್ನ ಉರುಳಿಸಿದರೆ ಕರಡಿ ಮೈ ಹಾಗೆ ಕರಿ ಕೂದಲು ಎದ್ದು ಬರುತ್ತೆ. ಮಕ್ಕಳಿಗೆ ತೋರಿಸಿ, ಬಿಡದೆ ಆಡುತ್ತಾರೆ.

ಸೂಜಿಗಲ್ಲು ಕೈಲಿ ಇಲ್ಲದ ಕಾಲದಲ್ಲಿ ನಮ್ಮವರು ಕಲ್ಲಿಂದ ಅದಿರನ್ನ ಬೇರೆ ಮಾಡಿದ್ದು ಹೇಗೆ? ರಾಗಿ ಹಸನು ಮಾಡೋ ಹಾಗೇ. ಕಲ್ಲು ಕುಟ್ಟಿ ಪುಡಿ ಮಾಡೋದು, ಆಮೇಲೆ ಗಾಳಿಗೆ ತೂರೋದು, ಇಲ್ಲವೆ ನೀರಲ್ಲಿ ತೊಳೆಯೋದು. ಬೆಣಚುಪುಡಿ ಹಗುರ, ನೀರಿಗಿಂತ ಎರಡೂವರೆ ಪಟ್ಟು ತೂಕ. ಅದಿರು ಐದು ಪಟ್ಟು. ಹಗುರದ್ದು ಹೊಟ್ಟಿನ ಹಾಗೆ ಹೋಗುತ್ತೆ, ತೂಕದ್ದು ಕಾಳಿನ ಹಾಗೆ ಉಳಿಯುತ್ತೆ. ಇದನ್ನ ಕಣ್ಣಾರೆ ನೋಡಿ ಬರೆದಿಟ್ಟವನು ಒಬ್ಬ ಇಂಗ್ಲಿಷಿನವನೇ, ಜೋಸೈಯ ಮಾರ್ಷಲ್ ಹೀತ್ ಅಂತ. ಅವನ ಲೆಕ್ಕದಲ್ಲಿ ಸೇಲಂ ಕಲ್ಲಲ್ಲಿ ನೂರಕ್ಕೆ 52 ಪಾಲು ಅದಿರು, 48 ಪಾಲು ಬೆಣಚು.

ಆ ಹೀತ್ ಬರೆದಿರೋ ಕುಲುಮೆ ಹೀಗಿದೆ. ಬರೀ ಜೇಡಿಮಣ್ಣಿನದು, ನಾಲ್ಕೈದು ಅಡಿ ಎತ್ತರ, ಬುಡ ಎರಡಡಿ, ಬಾಯಿ ಒಂದಡಿ. ಆಡಿನ ಚರ್ಮದ ಎರಡು ತಿದಿ, ಬಿದಿರಿನ ಮೂತಿ. ಇದ್ದಿಲು ಒಂದು ಸಲ, ಅದಿರು ಒಂದು ಸಲ ಸುರಿಯುತ್ತಾ ಮೂರು ನಾಲ್ಕು ಗಂಟೆ ಬಿಡದೆ ತಿದಿ ಒತ್ತಬೇಕು. ಕಬ್ಬಿಣ ಕರಗೋಕೆ 1538 ಡಿಗ್ರಿ ಬೇಕು. ಮಣ್ಣಿನ ಕುಲುಮೆಯಲ್ಲಿ ಅಷ್ಟು ಬಿಸಿ ಏರೋದಿಲ್ಲ, ಸಾವಿರದ ಇನ್ನೂರರ ಆಸುಪಾಸು. ಹಾಗಾಗಿ ಕಬ್ಬಿಣ ನೀರಾಗದೆ ಮುದ್ದೆಯಾಗಿ ತಳದಲ್ಲಿ ಕೂರುತ್ತೆ, ಕರಗಿದ ಕಿಟ್ಟ ಹರಿದು ಹೋಗುತ್ತೆ. ಆ ಮುದ್ದೆಯನ್ನ ಬಿಸಿ ಇರುವಾಗಲೇ ಬಡಿದು ಬಡಿದು ಉಳಿದ ಕಿಟ್ಟ ಹಿಂಡಿ ತೆಗೆಯಬೇಕು. ಬಂದದ್ದು ಮೆತ್ತನೆ ಕಬ್ಬಿಣ. ನೇಗಿಲ ಕುಳಕ್ಕೆ ಆಗುತ್ತೆ, ಬಾಗಿದರೂ ಮುರಿಯೋಲ್ಲ. ಕುಡುಗೋಲಿಗೆ ಮಾತ್ರ ಸಾಲದು, ಬಾಯಿ ನಿಲ್ಲೋಲ್ಲ.

ಬಾಯಿ ನಿಲ್ಲಬೇಕಾದರೆ ಉಕ್ಕು ಬೇಕು. ನಿಜವಾದ ವಿದ್ಯೆ ಇರೋದು ಇಲ್ಲೇ. ಮೆತ್ತನೆ ಕಬ್ಬಿಣದ ತುಂಡನ್ನ ಸಣ್ಣ ಮಣ್ಣಿನ ಮೂಸೆಯಲ್ಲಿ ಹಾಕಿ, ಅದರ ಹತ್ತನೇ ಒಂದು ಪಾಲು ತೂಕದ ಒಣ ಆವರಿಕೆ ಕಡ್ಡಿ ಕೊಚ್ಚಿ ತುಂಬಿ, ಮೇಲೆ ಒಂದೆರಡು ಹಸಿ ಎಕ್ಕದ ಎಲೆ ಮುಚ್ಚಿ, ಬಾಯಿಗೆ ಜೇಡಿ ಮೆತ್ತಿ ಒಣಗಿಸುತ್ತಿದ್ದರು. ಇಪ್ಪತ್ತು ಇಪ್ಪತ್ತನಾಲ್ಕು ಮೂಸೆಯನ್ನ ಕಮಾನಿನ ಹಾಗೆ ಜೋಡಿಸಿ, ಇದ್ದಿಲು ಮುಚ್ಚಿ ಎರಡೂವರೆ ಗಂಟೆ ತಿದಿ. ಆರಿದ ಮೇಲೆ ಮೂಸೆ ಒಡೆದರೆ ಒಳಗೆ ಬಿಲ್ಲೆಯಂಥ ಉಕ್ಕು. ಬಿಲ್ಲೆಯ ಮೇಲೆ ನಡುವಿಂದ ಅಂಚಿಗೆ ಗೆರೆ ಹರಡಿದ್ದರೆ ಹದ ಸರಿಯಾಗಿದೆ ಅಂತ ಲೆಕ್ಕ.

ಆವರಿಕೆ ನಮ್ಮ ಹೊಲದ ಬದುವಿನ ಗಿಡ, ಎಕ್ಕ ದಾರಿ ಬದಿಯ ಗಿಡ. ಅವು ಮುಚ್ಚಿದ ಮೂಸೆಯಲ್ಲಿ ಸುಟ್ಟು ಇಂಗಾಲ ಆಗುತ್ತೆ, ಇಂಗಾಲ ಕಬ್ಬಿಣದೊಳಗೆ ಇಳಿಯುತ್ತೆ. ಇಂಗಾಲ ಕುಡಿದ ಕಬ್ಬಿಣ ಬರೀ ಕಬ್ಬಿಣಕ್ಕಿಂತ ಕಡಿಮೆ ಬಿಸಿಗೇ ಕರಗುತ್ತೆ. ಮಣ್ಣಿನ ಕುಲುಮೆಯಲ್ಲಿ ಆಗದಿದ್ದ ಕೆಲಸ ಅದೇ ಮಣ್ಣಿನ ಕುಲುಮೆಯಲ್ಲಿ ಆಗಿದ್ದು ಹೀಗೆ. ನೂರಕ್ಕೆ ಒಂದರಿಂದ ಒಂದೂವರೆ ಪಾಲು ಇಂಗಾಲ ಸೇರಿದರೆ ಕತ್ತಿಗೆ ತಕ್ಕ ಉಕ್ಕು. ಮೂರು ನಾಲ್ಕು ಸೇರಿದರೆ ಬೀಡು ಕಬ್ಬಿಣ, ಕಲ್ಲಿಗೆ ತಗುಲಿದರೆ ಮಡಕೆ ಹಾಗೆ ಒಡೆಯುತ್ತೆ. ಒಂದಕ್ಕೂ ಮೂರಕ್ಕೂ ನಡುವೆ ನಿಲ್ಲಿಸೋದಿದೆಯಲ್ಲ, ತಕ್ಕಡಿ ಹೊರತು ಬೇರೆ ಯಂತ್ರ ಇಲ್ಲದೆ, ಅದಕ್ಕೇ ನಮ್ಮ ಭಾಷೆಯಲ್ಲಿ ಹದ ಅನ್ನೋದು. ಅನ್ನಕ್ಕೂ ಹದ, ಹೊಲಕ್ಕೂ ಹದ, ಉಕ್ಕಿಗೂ ಹದ.

ಉಕ್ಕು ಅನ್ನೋ ನಮ್ಮ ಮಾತೇ ಹಡಗು ಹತ್ತಿ ಹೋಗಿ ಅವರ ಬಾಯಲ್ಲಿ 'ವೂಟ್ಸ್' ಆಯಿತು ಅಂತ ಪಂಡಿತರು ಹೇಳುತ್ತಾರೆ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಅನ್ನೋ ವೈದ್ಯ ಇದರ ಮೇಲೆ ಪ್ರಬಂಧ ಓದಿದ. ಕರೆಂಟಿನ ವಿದ್ಯೆಗೆ ಹೆಸರಾದ ಮೈಕೆಲ್ ಫ್ಯಾರಡೆ ಕಮ್ಮಾರನ ಮಗ. ಅವನು 1819ರ ಸುಮಾರಿಗೆ ಈ ಉಕ್ಕನ್ನ ಪರೀಕ್ಷೆ ಮಾಡಿ, ಅದರ ಗುಣಕ್ಕೆ ಅಲ್ಯೂಮಿನಿಯಂ ಅಂಶ ಕಾರಣ ಅಂದುಕೊಂಡ. ಅದಲ್ಲ, ಇಂಗಾಲವೇ ಕಾರಣ ಅಂತ ಆಮೇಲೆ ಗೊತ್ತಾಯಿತು. ಫ್ಯಾರಡೆಯಂಥವನೇ ಹುಡುಕಾಡಿದ ಹದವನ್ನ ಆವರಿಕೆ ಕಡ್ಡಿ ಹಿಡಿದು ದಿನವೂ ಮಾಡುತ್ತಿದ್ದವರು ಇಲ್ಲಿಯವರು. ಡಮಾಸ್ಕಸ್ ಕತ್ತಿ ಅಂತ ಹೆಸರಾದ ಕತ್ತಿಗಳಿಗೆ ದಕ್ಷಿಣದ ಉಕ್ಕೇ ಹೋಗುತ್ತಿತ್ತು. ಅದರ ಮೈ ಮೇಲಿನ ನೀರಲೆಯಂಥ ಗೆರೆ ಬಣ್ಣ ಬಳಿದದ್ದಲ್ಲ. ಇಂಗಾಲ ಹೆಚ್ಚು ಕುಳಿತ ಕಡೆ ಬೆಳ್ಳಗೆ, ಕಡಿಮೆ ಇದ್ದ ಕಡೆ ಕಪ್ಪಗೆ ಕಾಣುತ್ತೆ, ಅಷ್ಟೆ.

ಹಾಡುವವನಾದ್ದರಿಂದ ಇನ್ನೊಂದು ಮಾತು. ನಾನು ಮಾದಪ್ಪನ ಪದ ಹಾಡುವವನು, ನೀಲಗಾರರ ಬಾಯಲ್ಲಿ ಮಂಟೇಸ್ವಾಮಿ ಕಥೆ ರಾತ್ರಿಯೆಲ್ಲ ಕೂತು ಕೇಳಿದ್ದೇನೆ. ಅದರಲ್ಲಿ ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆ ತರೋಕೆ ಸಿದ್ದಪ್ಪಾಜಿ ಹೋಗುತ್ತಾರೆ. ಅವರು ಸುಲಭಕ್ಕೆ ಕೊಡೋದಿಲ್ಲ, ಪರೀಕ್ಷೆ ಮೇಲೆ ಪರೀಕ್ಷೆ ಒಡ್ಡುತ್ತಾರೆ. ಅಕ್ಕಿ ರಾಗಿ ಬಿಟ್ಟು ಕಬ್ಬಿಣವನ್ನ ಭಿಕ್ಷೆ ಬೇಡೋ ಕಥೆ ಕಟ್ಟಬೇಕಾದರೆ ಆ ಕಾಲದಲ್ಲಿ ಕಬ್ಬಿಣಕ್ಕೆ ಏನು ಬೆಲೆ ಇತ್ತು, ಯೋಚನೆ ಮಾಡಿ. ಇಂಗ್ಲಿಷಿನವರು ತಂದು ಕೊಟ್ಟದ್ದಾದರೆ ನಮ್ಮ ಪದಗಳಲ್ಲಿ ಪಾಂಚಾಳರು ಎಲ್ಲಿಂದ ಬಂದರು?

ಈ ಹೀತ್ ಕಂಪನಿ ಸರ್ಕಾರದ ಕೆಲಸ ಬಿಟ್ಟು 1830ರಲ್ಲಿ ಸಮುದ್ರದ ಬದಿಯ ಪರಂಗಿಪೇಟೆಯಲ್ಲಿ ದೊಡ್ಡ ಕಬ್ಬಿಣದ ಕಾರ್ಖಾನೆ ಹಾಕಿದ. ಅದಿರು ನಮ್ಮ ಸೇಲಂದು. ಕಾವೇರಿ ದಡದ ಪೂಲಾಂಪಟ್ಟಿಯಲ್ಲೂ ಕುಲುಮೆ ಎದ್ದಿತು. ಹಳ್ಳಿ ಕುಲುಮೆ ಒಂದು ದಿನಕ್ಕೆ ಒಂದೆರಡು ಮುದ್ದೆ ಮಾಡುತ್ತೆ, ಕಾಡು ಅಷ್ಟನ್ನ ತಾಳಿಕೊಳ್ಳುತ್ತೆ. ದೊಡ್ಡ ಕುಲುಮೆ ಹಾಗಲ್ಲ, ಹಗಲೂ ರಾತ್ರಿ ಇದ್ದಿಲು ತಿನ್ನುತ್ತೆ. ಸುತ್ತಲ ಕಾಡು ಬೋಳಾದಂತೆ ಇದ್ದಿಲು ದೂರ ಆಯಿತು, ಖರ್ಚು ಏರಿತು, ಕಂಪನಿಗೆ ಸಾಲ ಹತ್ತಿತು. ಹೀತ್ ಊರಿಗೆ ವಾಪಸ್ ಹೋಗಿ 1839ರಲ್ಲಿ ಮೂಸೆ ಉಕ್ಕಿಗೆ ಮ್ಯಾಂಗನೀಸ್ ಸೇರಿಸೋ ವಿಧಾನಕ್ಕೆ ಹಕ್ಕು ಪಡೆದ. ಶೆಫೀಲ್ಡಿನವರು ಅದರಿಂದ ಹಣ ಮಾಡಿದರು, ಇವನು ಕೋರ್ಟು ಅಲೆದು 1851ರಲ್ಲಿ ತೀರಿಕೊಂಡ. ಅವನಿಗೇನೋ ಚರಿತ್ರೆಯಲ್ಲಿ ಹೆಸರಾದರೂ ಉಳಿಯಿತು.

ನಮ್ಮ ಕಡೆಯ ಕುಲುಮೆಯವರಿಗೆ ಅದೂ ಇಲ್ಲ. 1860ರ ಹೊತ್ತಿಗೆ ಸೇಲಂಗೆ ರೈಲು ಬಂತು, ರೈಲಲ್ಲಿ ಅಗ್ಗದ ಸೀಮೆ ಕಬ್ಬಿಣ ಬಂತು. 1882ರಲ್ಲಿ ಮದರಾಸು ಅರಣ್ಯ ಕಾಯ್ದೆ ಬಂತು, ಕಾಡಿಗೆ ಹೋಗಿ ಸೌದೆ ಕಡಿದು ಇದ್ದಿಲು ಸುಡೋದು ತಪ್ಪಾಯಿತು. ಮೊದಲು ದೊಡ್ಡ ಕಾರ್ಖಾನೆ ಕಾಡು ತಿಂದಿತು, ಆಮೇಲೆ ಕಾಡು ಕಾಯಬೇಕು ಅಂತ ಸಣ್ಣವನ ಕೈ ಕಟ್ಟಿದರು. ಇದು ನನಗೆ ನ್ಯಾಯ ಅನ್ನಿಸೋಲ್ಲ. ಅದಿರು ಕರಗಿಸುತ್ತಿದ್ದವರ ಮಕ್ಕಳು ಕೂಲಿಗೆ ಹೋದರು. ಉಳಿದದ್ದು ಅಂಗಡಿಯಿಂದ ಪಟ್ಟಿ ಕೊಂಡು ಕುಡುಗೋಲು ಬಡಿಯೋ ಆಚಾರಿ ಕುಲುಮೆ ಮಾತ್ರ.

ಆ ಆಚಾರಿ ಕೈಯಲ್ಲೂ ಅರ್ಧ ವಿದ್ಯೆ ಇದೆ ಅಂತ ಸುಮ್ಮನೆ ಕೂತು ನೋಡಿದವರಿಗೆ ಗೊತ್ತು. ಕಬ್ಬಿಣದ ಬಿಸಿಯನ್ನ ಅವನು ಬಣ್ಣದಲ್ಲಿ ಓದುತ್ತಾನೆ. ಮಬ್ಬು ಕೆಂಪು ಅಂದರೆ ಏಳುನೂರರ ಹತ್ತಿರ, ಹಣ್ಣು ಕೆಂಪು ಎಂಟುನೂರು, ಕಿತ್ತಳೆ ಬಣ್ಣ ಅದರ ಮೇಲೆ, ಬೆಳ್ಳಗಾದರೆ ಸಾವಿರದ ಮುನ್ನೂರು. ಅದಕ್ಕೇ ಕುಲುಮೆ ಯಾವತ್ತೂ ಕತ್ತಲ ಮೂಲೆಯಲ್ಲಿ ಇರುತ್ತೆ, ಬಿಸಿಲಲ್ಲಿ ಬಣ್ಣ ಮೋಸ ಮಾಡುತ್ತೆ. ಹಣ್ಣು ಕೆಂಪು ಬರೋ ಹೊತ್ತಿಗೆ, 770 ಡಿಗ್ರಿ ದಾಟಿದರೆ, ಕಬ್ಬಿಣ ಸೂಜಿಗಲ್ಲಿಗೆ ಅಂಟೋದನ್ನ ಬಿಟ್ಟುಬಿಡುತ್ತೆ. ಆರಿದರೆ ಮತ್ತೆ ಅಂಟುತ್ತೆ. ಕೆಂಪಗಿರುವಾಗ ನೀರಲ್ಲಿ ಅದ್ದಿದರೆ ಗಟ್ಟಿ ಆಗುತ್ತೆ, ಆದರೆ ಗಾಜಿನ ಹಾಗೆ ಪೆಳಸು. ಮತ್ತೆ ಮೆಲ್ಲಗೆ ಕಾಯಿಸಬೇಕು. ಉಜ್ಜಿದ ಮೈ ಮೇಲೆ ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ನೀಲಿ ಓಡುತ್ತೆ. ಹುಲ್ಲಿನ ಬಣ್ಣಕ್ಕೆ ನಿಲ್ಲಿಸಿದರೆ ಹರಿತ ಹೆಚ್ಚು, ನೀಲಿಗೆ ಬಿಟ್ಟರೆ ಬಾಗೋ ಗುಣ ಹೆಚ್ಚು. ಇದೆಲ್ಲ ಇನ್ನೂರಿಪ್ಪತ್ತರಿಂದ ಮುನ್ನೂರು ಡಿಗ್ರಿಯೊಳಗೆ ಮುಗಿಯುತ್ತೆ, ಎಲೆಅಡಿಕೆ ಉಗಿದು ಬರೋಷ್ಟು ಹೊತ್ತೂ ಇಲ್ಲ.

ಈಗ ಕಾರ್ಖಾನೆ ವಿಷಯ. ಸೇಲಂ ಉಕ್ಕಿನ ಕಾರ್ಖಾನೆಗೆ 1970ರಲ್ಲಿ ಇಂದಿರಾಗಾಂಧಿ ಅಡಿಗಲ್ಲು ಹಾಕಿದರು, 1982ರಲ್ಲಿ ಮಾಲು ಹೊರಗೆ ಬಂತು. ಬಸ್ಸಿನ ಬೋರ್ಡಿನಲ್ಲಿ ತಮಿಳಲ್ಲಿ ಉರುಕ್ಕಾಲೈ ಅಂತ ಇರುತ್ತೆ. ಕಂಜಮಲೆ ಬುಡದಲ್ಲೇ ಇರೋದರಿಂದ ಬೆಟ್ಟದ ಅದಿರೇ ಒಳಗೆ ಹೋಗುತ್ತೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಹೊರಗಿನಿಂದ ಬಂದ ಸ್ಟೇನ್‌ಲೆಸ್ ಉಕ್ಕಿನ ಸುರುಳಿಯನ್ನ ತೆಳ್ಳಗೆ ಹಾಳೆ ಮಾಡೋ ಕೆಲಸದಿಂದಲೇ ಅದು ಶುರುವಾಗಿದ್ದು. ನಮ್ಮ ಅಡುಗೆಮನೆಯ ಎವರ್‌ಸಿಲ್ವರ್ ಪಾತ್ರೆಗೆ ಇಂಥ ಹಾಳೆಯೇ ಬೇಕು. ನೂರಕ್ಕೆ ಹದಿನೆಂಟು ಕ್ರೋಮಿಯಂ, ಎಂಟು ನಿಕ್ಕಲ್ ಸೇರಿದ ಆ ಉಕ್ಕು ತುಕ್ಕು ಹಿಡಿಯೋಲ್ಲ. ಸೂಜಿಗಲ್ಲಿಗೂ ಅಂಟೋಲ್ಲ! ಬೆಟ್ಟದ ಕಲ್ಲು ಅಂಟುತ್ತೆ, ಬೆಟ್ಟದ ಬುಡದ ಉಕ್ಕು ಅಂಟೋಲ್ಲ, ನೋಡಿ. ನಿಕ್ಕಲ್ ಬಿಟ್ಟು ಕ್ರೋಮಿಯಂ ಮಾತ್ರ ಸೇರಿಸಿದ ಜಾತಿ ಅಂಟುತ್ತೆ, ಸ್ಟೇನ್‌ಲೆಸ್ ಒಂದು ರೂಪಾಯಿ ಎರಡು ರೂಪಾಯಿ ನಾಣ್ಯ ಆ ಜಾತಿ. ನಾಣ್ಯದ ಬಿಲ್ಲೆಯನ್ನೂ ಇದೇ ಕಾರ್ಖಾನೆಯಲ್ಲಿ ಕತ್ತರಿಸುತ್ತಾರೆ.

ಹೆಂಗಸರು ಒಂದು ದೂರು ಹೇಳುತ್ತಾರೆ, ಎವರ್‌ಸಿಲ್ವರಲ್ಲಿ ಸಾರು ಬೇಗ ತಳ ಹಿಡಿಯುತ್ತೆ ಅಂತ. ಆ ದೂರು ನಿಜ. ಬಿಸಿಯನ್ನ ಹರಡೋದರಲ್ಲಿ ಸ್ಟೇನ್‌ಲೆಸ್ ಬಹಳ ಸೋಮಾರಿ, ಅಲ್ಯೂಮಿನಿಯಂ ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಚುರುಕು. ಆ ಅಲ್ಯೂಮಿನಿಯಂ ಏರ್ಕಾಡಿನ ಕೆಂಪು ಮಣ್ಣಿಂದ ಬಂದದ್ದು. ನೆತ್ತಿಯ ಬಾಕ್ಸೈಟು ಲಾರಿ ಹತ್ತಿ ಮೇಟೂರಿಗೆ ಇಳಿಯುತ್ತಿತ್ತು, ಅಲ್ಲಿ 1965ರಿಂದ ಕರೆಂಟಿನಲ್ಲಿ ಲೋಹ ತೆಗೆಯುತ್ತಿದ್ದರು. 2008ರಲ್ಲಿ ಆ ಕೆಲಸ ನಿಂತಿತು.

ಬಿಳಿಕಲ್ಲಿನ ಬಗ್ಗೆ ಎರಡೇ ಮಾತು. ಇಂಗ್ಲಿಷಿನವರು ನೋಡಿದ ಕೂಡಲೇ ಸೀಮೆಸುಣ್ಣದ ಬೆಟ್ಟ ಅಂತ ಹೆಸರಿಟ್ಟರು. ಅದು ಸೀಮೆಸುಣ್ಣ ಅಲ್ಲವೇ ಅಲ್ಲ, ಮ್ಯಾಗ್ನಸೈಟ್. ಸುಟ್ಟರೆ ಅರ್ಧಕ್ಕಿಂತ ಹೆಚ್ಚು ತೂಕ ಗಾಳಿಯಾಗಿ ಹೋಗುತ್ತೆ, ಉಳಿದದ್ದು 2800 ಡಿಗ್ರಿವರೆಗೆ ಕರಗೋಲ್ಲ. ಉಕ್ಕು ಕರಗಿಸೋ ದೊಡ್ಡ ಕುಲುಮೆಗಳ ಒಳಗೋಡೆಗೆ ಅದರ ಇಟ್ಟಿಗೆಯೇ ಬೇಕು.

ಕಂಜಮಲೆ ಅಗೆಯೋ ಮಾತು ಆಗಾಗ ಏಳುತ್ತೆ. ಅದಿರು ಬಡವಾದರೂ ಕುಟ್ಟಿ ಪುಡಿ ಮಾಡಿ ಸೂಜಿಗಲ್ಲಿನ ಯಂತ್ರದಲ್ಲಿ ಹಾಯಿಸಿದರೆ ಕಬ್ಬಿಣ ಬೇರೆಯಾಗುತ್ತೆ, ಅದಕ್ಕೇ ಅದರ ಮೇಲೆ ಕಣ್ಣು. ಆದರೆ ನೂರು ಗಾಡಿ ಕಲ್ಲಿಗೆ ಅರ್ಧ ಭಾಗ ಬೆಣಚುಪುಡಿ ಹೊರಗೆ ಬೀಳುತ್ತಲ್ಲ, ಅದನ್ನ ಯಾರ ಹೊಲದಲ್ಲಿ ಸುರಿಯುತ್ತಾರೆ? ಕೆಳಗೆ ಬೇಸಾಯ ಮಾಡೋರು ಕೇಳಬೇಕಾದ ಮೊದಲ ಪ್ರಶ್ನೆ ಇದು. ನಾನು ಕೇಳುತ್ತೇನೆ.

ಉಳುವಾಗ ಹೊಲದಲ್ಲಿ ಕರ್ರಗೆ, ತೂತು ತೂತಾಗಿ, ಗಾಜಿನ ಹೊಳಪಿರೋ ಕಲ್ಲು ಸಿಕ್ಕರೆ ಅದು ಹಳೇ ಕುಲುಮೆಯ ಕಿಟ್ಟ ಇರಬಹುದು. ಕೆಂಪಗೆ ಬೆಂದ ಮಣ್ಣಿನ ಕೊಳವೆ ಚೂರು ಜೊತೆಯಲ್ಲಿ ಸಿಕ್ಕರೆ ಅದು ತಿದಿಯ ಮೂತಿ. ರಸ್ತೆಗುಂಡಿಗೆ ಎಸೆಯಬೇಡಿ. ವಾಚನಾಲಯದ ಕಿಟಕಿ ಕೆಳಗೆ ಹಲಗೆ ಒಂದು ಖಾಲಿ ಮಾಡಿಸಿದ್ದೇನೆ. ಯಾವ ಊರು, ಯಾರ ಹೊಲ, ಎಷ್ಟು ಆಳದಲ್ಲಿ ಸಿಕ್ಕಿತು ಅಂತ ಚೀಟಿ ಬರೆದು ಅಲ್ಲಿಡಿ. ಬರೆಯೋಕೆ ಬಾರದವರು ಸಾಯಂಕಾಲ ಬನ್ನಿ, ನಾನು ಬರೆದುಕೊಡುತ್ತೇನೆ.