ಮನೆ ಕೆಡವಿದವರ ಹೊಣೆ, ಬಾಗಿಲ ಮುಂದೆ ನಿಂತವರ ಹಕ್ಕು



ಜುಮಾ ಮುಗಿದ ಮೇಲೆ ಒಬ್ಬ ಕಾಲೇಜು ಹುಡುಗ ಕೇಳಿದ: “ಉಸ್ತಾದರೇ, ಇರಾಕಿನ ಜನ ದಿಕ್ಕಾಪಾಲಾದದ್ದು ಅಮೆರಿಕದಿಂದ. ಅದರಲ್ಲಿ ನಮ್ಮ ತಪ್ಪೇನಿದೆ?” ಉತ್ತರಕ್ಕೆ ಸ್ವಲ್ಪ ಇತಿಹಾಸ ಬೇಕು.

2003ರ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪವೆಲ್, ಇರಾಕ್ ಸಮೂಹ ನಾಶಕ ಅಸ್ತ್ರಗಳನ್ನು ಬಚ್ಚಿಟ್ಟಿದೆ ಎಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ವಾದಿಸಿದರು. ಮಾರ್ಚ್ 20ರಂದು ದಾಳಿ ಶುರುವಾಯಿತು. ಅಂಥ ಅಸ್ತ್ರಗಳ ದಾಸ್ತಾನು ಸಿಗಲೇ ಇಲ್ಲ. ಮೇ ತಿಂಗಳಲ್ಲಿ ಇರಾಕಿನ ಸೇನೆಯನ್ನೇ ವಿಸರ್ಜಿಸಿದರು. ಲಕ್ಷಾಂತರ ಸೈನಿಕರು ಒಂದೇ ಆದೇಶದಿಂದ ಕೆಲಸ ಕಳೆದುಕೊಂಡು ಬೀದಿಗೆ ಬಂದರು. ಯುದ್ಧದಲ್ಲಿ ಪಾಲ್ಗೊಂಡ ಬ್ರಿಟನ್ನಿನಲ್ಲಿ ಚಿಲ್ಕಾಟ್ ಸಮಿತಿ ಏಳು ವರ್ಷ ವಿಚಾರಣೆ ನಡೆಸಿತು. ಶಾಂತಿಯ ದಾರಿಗಳು ಮುಗಿಯುವ ಮೊದಲೇ ಯುದ್ಧಕ್ಕೆ ಇಳಿಯಲಾಯಿತು ಎಂದು 2016ರಲ್ಲಿ ಹೇಳಿತು. ತಪ್ಪು ಕಾಗದದಲ್ಲಿ ದಾಖಲಾಯಿತು. ಮನೆ ಕಳೆದುಕೊಂಡವರಿಗೆ ಅದರಿಂದ ಮನೆ ಬರಲಿಲ್ಲ.

ಆ ಜನ ಹೋದದ್ದೆಲ್ಲಿಗೆ? ಹೆಚ್ಚಿನವರು ಸಿರಿಯಾ ಮತ್ತು ಜೋರ್ಡಾನಿಗೆ. ಹತ್ತು ಲಕ್ಷಕ್ಕೂ ಹೆಚ್ಚು ಇರಾಕಿಗಳು ತನ್ನಲ್ಲಿದ್ದಾರೆಂದು ಸಿರಿಯಾ ಸರಕಾರ ಅಂದಾಜು ಮಾಡಿತ್ತು. ಅಮೆರಿಕ 2006ರ ಆರ್ಥಿಕ ವರ್ಷದಲ್ಲಿ ಸೇರಿಸಿಕೊಂಡ ಇರಾಕಿ ನಿರಾಶ್ರಿತರು ಕೇವಲ 202 ಮಂದಿ. 2008ರಲ್ಲಿ ಸ್ವೀಡನ್ನಿನ ಸೋಡರ್‌ಟಾಲ್ಯೆ ಎಂಬ ಊರಿನ ಮೇಯರ್ ಆಂಡರ್ಸ್ ಲಾಗೊ ಅಮೆರಿಕದ ಸಂಸದರ ಮುಂದೆ ನಿಂತು, ಸುಮಾರು 80 ಸಾವಿರ ಜನರಿರುವ ತನ್ನೂರು ಅಮೆರಿಕ, ಕೆನಡಾ ಎರಡೂ ಸೇರಿ ತೆಗೆದುಕೊಂಡದ್ದಕ್ಕಿಂತ ಹೆಚ್ಚು ಇರಾಕಿಗಳಿಗೆ ಜಾಗ ಕೊಟ್ಟಿದೆ ಎಂದರು. ಸ್ವೀಡನ್ ಆ ದಾಳಿಗೆ ಸೈನ್ಯವನ್ನೇ ಕಳಿಸಿರಲಿಲ್ಲ. ಮನೆ ಕೆಡವಿದವರು ಒಬ್ಬರು, ಬಾಗಿಲು ತೆರೆದವರು ಇನ್ನೊಬ್ಬರು.

ಇಲ್ಲಿಗೆ ನಿಲ್ಲಿಸಿದರೆ ನಮ್ಮ ಮನಸ್ಸಿಗೆ ಹಿತ. ಆದರೆ ನಮ್ಮ ವಿರುದ್ಧವೇ ಆದರೂ ನ್ಯಾಯವಾದ ಸಾಕ್ಷ್ಯ ಹೇಳಬೇಕೆಂಬುದು ಅಲ್ಲಾಹನ ಆಜ್ಞೆ. 2006ರ ಫೆಬ್ರವರಿಯಲ್ಲಿ ಸಾಮರ್ರಾದ ಅಸ್ಕರೀ ದರ್ಗಾದ ಗುಮ್ಮಟ ಸ್ಫೋಟಿಸಿದವರು ಅಮೆರಿಕನ್ನರಲ್ಲ. ಅದರ ನಂತರ ಬಗ್ದಾದಿನ ಓಣಿಗಳಲ್ಲಿ ಶಿಯಾ ಸುನ್ನಿಗಳು ಪರಸ್ಪರ ಮನೆ ಬಿಡಿಸಿದರು. ಬೆದರಿಕೆ ಚೀಟಿಯೊಂದಿಗೆ ಗುಂಡು ಇಟ್ಟು ನೆರೆಯವರನ್ನು ಓಡಿಸಿದರು. 2010ರ ಅಕ್ಟೋಬರ್ 31ರಂದು ಬಗ್ದಾದಿನ ಚರ್ಚೊಂದರಲ್ಲಿ ಪ್ರಾರ್ಥನೆಯ ವೇಳೆ ದಾಳಿ ನಡೆಸಿ 50ಕ್ಕೂ ಹೆಚ್ಚು ಮಂದಿಯನ್ನು ಕೊಂದವರು ನಮ್ಮ ಧರ್ಮದ ಹೆಸರನ್ನೇ ಹೇಳಿಕೊಂಡವರು. ಬಾಗಿಲು ಮುರಿದದ್ದು ಹೊರಗಿನ ಸೈನ್ಯ, ನಿಜ. ಒಳಗೆ ನುಗ್ಗಿ ನೆರೆಯವನನ್ನು ಎಳೆದು ಹಾಕಿದ ಕೈಗಳು ನಮ್ಮವರದ್ದೂ ಹೌದು.

ಇನ್ನೊಂದು ಸಂಗತಿ ಹೇಳಲು ನಾಚಿಕೆಯಾಗುತ್ತದೆ. 1948ರಲ್ಲಿ ಫೆಲೆಸ್ತೀನ್ ಬಿಟ್ಟು ಇರಾಕಿಗೆ ಬಂದಿದ್ದ ಕುಟುಂಬಗಳು 2003ರ ನಂತರ ಮತ್ತೆ ಓಡಬೇಕಾಯಿತು. ನೂರಾರು ಮಂದಿ ಇರಾಕ್ ಮತ್ತು ಸಿರಿಯಾ ಗಡಿಗಳ ನಡುವಿನ ಅಲ್ ತನ್ಫ್ ಎಂಬ ಮರಳುಗಾಡಿನ ಶಿಬಿರದಲ್ಲಿ ವರ್ಷಗಟ್ಟಲೆ ಡೇರೆಯಲ್ಲಿ ಬದುಕಿದರು. ಅವರಲ್ಲಿ ನೂರಕ್ಕೂ ಹೆಚ್ಚು ಮಂದಿಯನ್ನು 2008ರಲ್ಲಿ ಕರೆದುಕೊಂಡದ್ದು ಸಾಗರದಾಚೆಯ ಚಿಲಿ. ಫೆಲೆಸ್ತೀನಿಗಾಗಿ ಭಾಷಣ ಮಾಡುತ್ತಿದ್ದ ಎಷ್ಟು ಶ್ರೀಮಂತ ಅರಬ್ ದೇಶಗಳು ಆ ಡೇರೆಗಳ ಕಡೆ ನೋಡಿದವು?

ಇದು ನಮಗೆ ದೂರದ ಕಥೆಯೂ ಅಲ್ಲ. 1990ರ ಆಗಸ್ಟ್ 2ರಂದು ಸದ್ದಾಂ ಹುಸೇನ್ ಕುವೈತನ್ನು ಆಕ್ರಮಿಸಿದಾಗ ನಮ್ಮ ಕರಾವಳಿಯ ಎಷ್ಟೋ ಮನೆಗಳ ಗಂಡಸರು ಅಲ್ಲಿ ದುಡಿಯುತ್ತಿದ್ದರು. ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ದುಡಿದದ್ದೆಲ್ಲ ಬಿಟ್ಟು ಹೊರಟರು. ಹೆಚ್ಚಿನವರು ಇರಾಕ್ ದಾಟಿ ಜೋರ್ಡಾನ್ ತಲುಪಿ, ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನ ಹತ್ತಿದರು. ಆ ದಾರಿಯಲ್ಲಿ ನೀರು, ರೊಟ್ಟಿ ಕೊಟ್ಟವರು ‘ನಿಮ್ಮನ್ನು ಓಡಿಸಿದ್ದು ಸದ್ದಾಂ, ಅವನನ್ನೇ ಕೇಳಿ’ ಎಂದಿದ್ದರೆ ನಮ್ಮವರ ಗತಿ ಏನಾಗುತ್ತಿತ್ತು?

ಹುಡುಗನಿಗೆ ನಾನು ಹೇಳಿದ್ದು ಇಷ್ಟೇ. ಇಲ್ಲಿ ಎರಡು ಲೆಕ್ಕಗಳಿವೆ. ಮೊದಲನೆಯದು ಮನೆ ಕೆಡವಿದವರದ್ದು. ಅದು ಹಕ್ಕುಲ್ ಇಬಾದ್, ಮನುಷ್ಯರಿಗೆ ಸಲ್ಲಬೇಕಾದ ಹಕ್ಕು. ಕಸಿದದ್ದನ್ನು ಹಿಂದಿರುಗಿಸದೆ ಅಥವಾ ನೊಂದವನೇ ಕ್ಷಮಿಸದೆ ಬರಿಯ ತೌಬಾದಿಂದ ಅದು ತೀರುವುದಿಲ್ಲ ಎಂದು ನಮ್ಮ ಉಲಮಾಗಳು ಕಲಿಸಿದ್ದಾರೆ. ರಾಷ್ಟ್ರಗಳಿಗೂ ಈ ಲೆಕ್ಕದಿಂದ ವಿನಾಯಿತಿ ಇಲ್ಲ. ಎರಡನೆಯದು ನಿರಾಶ್ರಿತ ಯಾರ ಬಾಗಿಲ ಮುಂದೆ ನಿಂತಿದ್ದಾನೋ ಅವರದ್ದು. ಮೊದಲ ಲೆಕ್ಕ ಬಾಕಿ ಇದೆ ಎಂದು ಎರಡನೆಯದು ರದ್ದಾಗುವುದಿಲ್ಲ.

ಮಕ್ಕಾದಿಂದ ಓಡಿಬಂದ ಸಹಾಬಿಗಳನ್ನು ಹಬಶಾದ ಕ್ರೈಸ್ತ ದೊರೆ ನಜಾಶಿ ಹೇಗೆ ಕಂಡರು? ಕುರೈಶರ ದೂತರು ಉಡುಗೊರೆ ಹೊತ್ತು ಅವರನ್ನು ವಾಪಸು ಕೇಳಲು ಬಂದರು. ದೊರೆ ಮೊದಲು ನಿರಾಶ್ರಿತರ ಮಾತು ಕೇಳಿದರು, ಆಮೇಲೆ ಉಡುಗೊರೆಗಳನ್ನು ಹಿಂದಕ್ಕೆ ಕಳಿಸಿದರು. ಓಡಿಸಿದ್ದು ನಜಾಶಿಯಲ್ಲ, ಆದರೂ ಹೊಣೆ ಹೊತ್ತರು.

ಇರಾಕಿಗಳಿಗೆ ಜಾಗ ಕೊಟ್ಟ ಸಿರಿಯಾದ ಜನರೇ 2011ರ ನಂತರ ಲಕ್ಷಗಟ್ಟಲೆ ಗಡಿ ದಾಟಿದರು. ಇಂದಿನ ಮನೆಯೊಡೆಯ ನಾಳೆ ಯಾರ ಬಾಗಿಲು ತಟ್ಟಬೇಕಾಗುತ್ತದೋ ಅಲ್ಲಾಹನೇ ಬಲ್ಲ. ನಮ್ಮ ಊರಿಗೆ ಬದುಕು ಅರಸಿ ಬಂದ ಅಪರಿಚಿತನ ಜೊತೆ ಮಾತನಾಡುವಾಗ ಇದು ನೆನಪಿರಲಿ. ಅಲ್ಲಾಹನು ನಮ್ಮನ್ನು ಅಕ್ರಮ ಎಸಗುವವರಲ್ಲಿಯೂ, ಬಾಗಿಲು ಮುಚ್ಚುವವರಲ್ಲಿಯೂ ಸೇರಿಸದಿರಲಿ. ಆಮೀನ್.