ಅರ್ಧ ಪೈಸೆ ಮತ್ತು ಒಂದು ವ್ಯಾಖ್ಯೆ: ಹಂಚಿಕೆಯ ಡೇಟಾಬೇಸ್ ಪ್ಯಾಕೇಜಿನ ಚರಿತ್ರೆಗೆ ಒಂದು ಪ್ರವೇಶ

ಶೀರ್ಷಿಕೆ ನೋಡಿ ಕೆಲವರಿಗೆ ಅನುಮಾನ ಬಂದಿರಬಹುದು. ಇದು ಪ್ರೋಗ್ರಾಮರುಗಳಿಗೆ ಹೇಳುವ ಪಾಠ ಅಲ್ವಾ, ಚರಿತ್ರೆಯ ಗೋಷ್ಠಿಯಲ್ಲಿ ಇದಕ್ಕೇನು ಕೆಲಸ? ನನ್ನ ಉತ್ತರ ಇಷ್ಟೇ: ಒಂದು ದಾಖಲೆಯ ವ್ಯಾಖ್ಯೆಯನ್ನು ಎಲ್ಲಿ ಬರೆದಿಡಬೇಕು, ಅದನ್ನು ತಿದ್ದುವ ಹಕ್ಕು ಯಾರದು ಎಂಬ ಪ್ರಶ್ನೆ ಕಂಪ್ಯೂಟರಿಗಿಂತ ಹಳೆಯದು. ಡೇಟಾಬೇಸ್ ಪ್ಯಾಕೇಜ್ ಅನ್ನೋದು ಆ ಪ್ರಶ್ನೆಗೆ ನಮ್ಮ ಕಾಲ ಕೊಟ್ಟಿರುವ ಒಂದು ಉತ್ತರ. ಅದು ಪೂರ್ತಿ ಉತ್ತರವೇ ಅನ್ನೋದನ್ನು ಇವತ್ತು ನೋಡೋಣ.

1. ಅರ್ಧ ಪೈಸೆ

ಮೊದಲು ಘಟನೆ ಹೇಳ್ತೀನಿ. ಕೆಲವು ವರ್ಷಗಳ ಹಿಂದೆ ಜವಳಿ ವ್ಯವಹಾರದ ಒಂದು ಸಣ್ಣ ಸಂಸ್ಥೆಯ ಲೆಕ್ಕದ ತಂತ್ರಾಂಶದಲ್ಲಿ ನಾನು ಕೆಲಸ ಮಾಡ್ತಿದ್ದೆ. ಕಚೇರಿ ಕೊಲ್ಹಾಪುರದಲ್ಲಿ. ಮಗ್ಗದ ಶೆಡ್ಡುಗಳು ಇಚಲಕರಂಜಿಯಲ್ಲಿ. ಮಜೂರಿಯ ಹಾಳೆ ತಯಾರಾಗುತ್ತಿದ್ದದ್ದು ಗಡಹಿಂಗ್ಲಜದಲ್ಲಿ. ಡೇಟಾಬೇಸ್ ಒಂದೇ, ಪೋಸ್ಟ್‌ಗ್ರೆಸ್. ಆದರೆ ಅದನ್ನು ಬಳಸುವ ಅಪ್ಲಿಕೇಶನ್‌ಗಳು ಮೂರು, ಅವುಗಳ ಕೋಡ್ ಭಂಡಾರಗಳೂ ಮೂರು. ಯಾವ ಕೋಷ್ಟಕದಲ್ಲಿ ಯಾವ ಅಂಕಣ, ಅದು ಸಂಖ್ಯೆಯೋ ಪಠ್ಯವೋ ಎಂಬ ವಿವರಣೆಯನ್ನು ಮೂರೂ ಕಡೆ ನಕಲು ಮಾಡಿ ಇಟ್ಟುಕೊಂಡಿದ್ದೆವು.

ಇಚಲಕರಂಜಿಯ ಲೆಕ್ಕ ಗೊತ್ತಿರುವವರಿಗೆ ಗೊತ್ತು, ಅಲ್ಲಿ ನೇಯ್ಗೆಯ ಮಜೂರಿ ನಿಂತಿರೋದು ಪಿಕ್ ಮೇಲೆ. ಪಿಕ್ ಅಂದರೆ ಅಡ್ಡ ಹಾಯುವ ಒಂದು ಹೊಕ್ಕಿನ ಎಳೆ. ಇಂಚಿಗೆ ಎಷ್ಟು ಪಿಕ್, ಪಿಕ್ಕಿಗೆ ಎಷ್ಟು ಪೈಸೆ, ಎರಡನ್ನೂ ಗುಣಿಸಿದರೆ ಮೀಟರಿನ ಮಜೂರಿ. ಉದಾಹರಣೆಗೆ 52 ಪಿಕ್ಕಿನ ಬಟ್ಟೆ, ಪಿಕ್ಕಿಗೆ 5 ಪೈಸೆ ಅಂತ ಇಟ್ಕೊಳ್ಳಿ. ಮೀಟರಿಗೆ 2 ರೂಪಾಯಿ 60 ಪೈಸೆ. ದರ 5 ಪೈಸೆಯಿಂದ ಐದೂವರೆ ಪೈಸೆಗೆ ಏರಿದರೆ 2 ರೂಪಾಯಿ 86 ಪೈಸೆ. ಅರ್ಧ ಪೈಸೆ ಅಂದರೆ ನಗು ಬರುತ್ತೆ. ಸಾವಿರ ಮೀಟರಿಗೆ ಅದು 260 ರೂಪಾಯಿ.

ನಮ್ಮಲ್ಲಿ ಆದದ್ದು ಅದೇ ಬಗೆಯ ಬದಲಾವಣೆ. ದರದಲ್ಲಿ ಮೊದಲ ಸಲ ಅರ್ಧ ಪೈಸೆ ಬಂತು. ದರದ ಅಂಕಣ ಆವರೆಗೆ ಪೂರ್ಣಾಂಕವಾಗಿತ್ತು. ಕೊಲ್ಹಾಪುರದವರು ಅದನ್ನು ದಶಾಂಶಕ್ಕೆ ಬದಲಿಸಿದರು, ಇಚಲಕರಂಜಿಯ ಕೋಡಿನಲ್ಲೂ ತಿದ್ದಿದರು. ಗಡಹಿಂಗ್ಲಜದ ನಕಲು ಹಾಗೇ ಉಳಿಯಿತು. ಅಲ್ಲಿನ ಕೋಡ್ ದರವನ್ನು ಪೂರ್ಣಾಂಕ ಅಂತಲೇ ಓದಿ ಅರ್ಧ ಪೈಸೆಯನ್ನು ಸದ್ದಿಲ್ಲದೆ ಕತ್ತರಿಸುತ್ತಿತ್ತು. ಯಾವ ದೋಷಸಂದೇಶವೂ ಬರಲಿಲ್ಲ. ಹಲವು ವಾರ ಮಜೂರಿ ಕಡಿಮೆ ಹೋಯಿತು. ಅದನ್ನು ಹಿಡಿದದ್ದು ನಮ್ಮ ಪರೀಕ್ಷೆಗಳಲ್ಲ. ಮಗ್ಗದ ಒಬ್ಬ ಕೆಲಸಗಾರ ತನ್ನ ಪಾಕೆಟ್ ಡೈರಿಯಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದ ಮೀಟರ್ ಲೆಕ್ಕ ತಂದು ಮೇಜಿನ ಮೇಲಿಟ್ಟರು. ಬಾಕಿ ಕೊಟ್ಟರು, ಅದು ಬೇರೆ ಮಾತು. ನಾನು ಇಲ್ಲಿ ಹೇಳಬೇಕಾದ್ದು: ಆ ತಪ್ಪು ಲೆಕ್ಕದ್ದಲ್ಲ, ನಕಲಿನದು. ಗಡಹಿಂಗ್ಲಜದ ನಕಲನ್ನು ನೋಡಿಕೊಳ್ಳಬೇಕಾದವನು ನಾನೇ ಆಗಿದ್ದೆ.

2. ಕಾಪಿಬುಕ್ಕಿನಿಂದ ಕಾಡ್‌ವರೆಗೆ

ಈ ನಕಲಿನ ಸಮಸ್ಯೆ ಹೊಸದಲ್ಲ. ಕೋಬಾಲ್ ಭಾಷೆಯ ಮೊದಲ ನಿರೂಪಣೆ ಬಂದದ್ದು 1960ರಲ್ಲಿ. ಆಗ ಡೇಟಾ ಫೈಲುಗಳಲ್ಲಿ ಇರುತ್ತಿತ್ತು. ಫೈಲಿನ ಒಂದೊಂದು ಸಾಲಿನಲ್ಲಿ ಎಷ್ಟನೆಯ ಅಕ್ಷರದಿಂದ ಎಷ್ಟನೆಯ ಅಕ್ಷರದವರೆಗೆ ಹೆಸರು, ಎಲ್ಲಿಂದ ಮೊತ್ತ ಎಂಬ ನಕ್ಷೆಯನ್ನು ಪ್ರತಿಯೊಂದು ಪ್ರೋಗ್ರಾಮೂ ತನ್ನೊಳಗೇ ಹೊತ್ತಿರುತ್ತಿತ್ತು. ಒಂದೇ ಫೈಲನ್ನು ಇಪ್ಪತ್ತು ಪ್ರೋಗ್ರಾಮುಗಳು ಓದಿದರೆ ಇಪ್ಪತ್ತು ನಕ್ಷೆ. ಅದಕ್ಕೆ ಸಿಕ್ಕ ಪರಿಹಾರವೇ ಕಾಪಿಬುಕ್. ನಕ್ಷೆಯನ್ನು ಒಂದು ಗ್ರಂಥಾಲಯದಲ್ಲಿ ಒಮ್ಮೆ ಬರೆದಿಡೋದು, ಪ್ರೋಗ್ರಾಮಿನಲ್ಲಿ 'ಕಾಪಿ' ಎಂಬ ಆಜ್ಞೆ ಕೊಟ್ಟು ಅದನ್ನು ಒಳಗೆ ತರಿಸಿಕೊಳ್ಳೋದು. ಇವತ್ತಿನ ಹಂಚಿಕೆಯ ಡೇಟಾಬೇಸ್ ಪ್ಯಾಕೇಜಿಗೆ ಒಬ್ಬ ಅಜ್ಜಿಯನ್ನು ಹುಡುಕುವುದಾದರೆ ನಾನು ತೋರಿಸೋದು ಇವಳನ್ನೇ.

ಎರಡನೇ ಹೆಜ್ಜೆ 1970ರದು. ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಎಡ್ಗರ್ ಕಾಡ್ ಆ ವರ್ಷ ಜೂನಿನಲ್ಲಿ ಸಂಬಂಧಾತ್ಮಕ ಮಾದರಿಯ ಪ್ರಬಂಧ ಪ್ರಕಟಿಸಿದರು. ಅದರ ಶೀರ್ಷಿಕೆಯಲ್ಲೇ ಹಂಚಿಕೆಯ ದತ್ತ ಭಂಡಾರ ಎಂಬ ಅರ್ಥದ ಮಾತಿದೆ, ಅದನ್ನು ನಾವು ಗಮನಿಸೋದು ಕಡಿಮೆ. ಡೇಟಾ ಯಂತ್ರದ ಒಳಗೆ ಹೇಗೆ ಕೂತಿದೆ ಎಂಬ ಹೊರೆ ಬಳಸುವವರ ಮೇಲೆ ಬೀಳಬಾರದು ಎಂಬುದು ಅವರ ವಾದ. 1975ರಲ್ಲಿ ಅಮೆರಿಕದ ಮಾನಕ ಸಂಸ್ಥೆಯ ಸ್ಪಾರ್ಕ್ ಸಮಿತಿ ಮೂರು ಪದರ ಹೇಳಿತು: ಒಳಗಿನ ಸಂಗ್ರಹ, ನಡುವೆ ಎಲ್ಲರಿಗೂ ಒಂದೇ ಆದ ಪರಿಕಲ್ಪನೆಯ ನಕ್ಷೆ, ಹೊರಗೆ ಒಬ್ಬೊಬ್ಬ ಬಳಕೆದಾರನಿಗೆ ಬೇಕಾದ ನೋಟ. ಎಸ್‌ಕ್ಯೂಎಲ್ 1986ರಲ್ಲಿ ಅಮೆರಿಕದ ಮಾನಕವಾಯಿತು.

ಇಲ್ಲಿಗೆ ಸಮಸ್ಯೆ ಮುಗೀಬೇಕಿತ್ತು. ಮುಗೀಲಿಲ್ಲ. ಡೇಟಾಬೇಸ್ ಒಳಗೆ ವ್ಯಾಖ್ಯೆ ಒಂದೇ ಆಯಿತು, ನಿಜ. ಆದರೆ ಹೊರಗಿನ ಕೋಡ್ ಅದನ್ನು ಮತ್ತೆ ತನ್ನ ಭಾಷೆಯಲ್ಲಿ ಬರೆದುಕೊಂಡಿತು. ಜಾವಾದಲ್ಲಿ ಒಂದು ಕ್ಲಾಸ್, ಟೈಪ್‌ಸ್ಕ್ರಿಪ್ಟಿನಲ್ಲಿ ಒಂದು ಟೈಪ್. ನಕಲು ಹಿತ್ತಿಲ ಬಾಗಿಲಿನಿಂದ ಒಳಗೆ ಬಂತು.

3. ಒಂದೇ ಭಂಡಾರ

ಮೂರನೇ ಹೆಜ್ಜೆಗೆ ಎರಡು ಎಳೆಗಳಿವೆ. ಒಂದು, ಕೋಷ್ಟಕದ ಬದಲಾವಣೆಯನ್ನೂ ಕೋಡಿನ ಹಾಗೆಯೇ ಕ್ರಮಸಂಖ್ಯೆ ಹಾಕಿ ಫೈಲಿನಲ್ಲಿ ಬರೆದಿಡುವ ಪದ್ಧತಿ. ಇದಕ್ಕೆ ಮೈಗ್ರೇಶನ್ ಅಂತಾರೆ. ಮಾರ್ಟಿನ್ ಫೌಲರ್ ಮತ್ತು ಪ್ರಮೋದ್ ಸದಲಗೆ 2003ರಲ್ಲಿ ಬರೆದ ಲೇಖನ, ಆಮೇಲೆ ಸ್ಕಾಟ್ ಆಂಬ್ಲರ್ ಜೊತೆ ಸದಲಗೆಯವರು 2006ರಲ್ಲಿ ತಂದ ಪುಸ್ತಕ ಇದಕ್ಕೆ ಶಾಸ್ತ್ರ ಕೊಟ್ಟವು. ಆ ಅಡ್ಡಹೆಸರು ಕೇಳಿದಾಗೆಲ್ಲ ನನಗೆ ಚಿಕ್ಕೋಡಿ ಕಡೆಯ ಸದಲಗಾ ನೆನಪಾಗುತ್ತೆ. ಅದು ನನ್ನ ಕಿವಿಯ ಚಪಲ, ಪುರಾವೆ ಅಂತ ತಗೋಬೇಡಿ.

ಇನ್ನೊಂದು ಎಳೆ ಮೊನೊರೆಪೊ, ಅಂದರೆ ಹಲವು ಅಪ್ಲಿಕೇಶನ್‌ಗಳ ಕೋಡನ್ನು ಒಂದೇ ಭಂಡಾರದಲ್ಲಿ ಇಡುವ ಪದ್ಧತಿ. ಗೂಗಲ್‌ನ ರೇಚಲ್ ಪಾಟ್ವಿನ್ ಮತ್ತು ಜಾಶ್ ಲೆವೆನ್‌ಬರ್ಗ್ 2016ರಲ್ಲಿ ತಮ್ಮ ಭಂಡಾರದ ಅಳತೆ ಪ್ರಕಟಿಸಿದರು: ಸುಮಾರು 200 ಕೋಟಿ ಸಾಲು, 90 ಲಕ್ಷ ಮೂಲ ಫೈಲು. ಸಣ್ಣ ತಂಡಗಳಿಗೆ ಇದು ಕೈಗೆಟುಕಿದ್ದು ಉಪಕರಣಗಳು ಬಂದ ಮೇಲೆ. ಯಾರ್ನ್ 2017ರಲ್ಲಿ, ಎನ್‌ಪಿಎಂ 2020ರಲ್ಲಿ ವರ್ಕ್‌ಸ್ಪೇಸ್ ಸೌಲಭ್ಯ ತಂದವು.

ನಾವು ಮಾಡಿದ್ದೂ ಅದೇ. ಮೂರು ಭಂಡಾರ ಒಂದಾಯಿತು. 'ಡಿಬಿ' ಅಂತ ಒಂದು ಪ್ಯಾಕೇಜ್ ಮಾಡಿದೆವು. ಅದರಲ್ಲಿ ಕೋಷ್ಟಕಗಳ ವ್ಯಾಖ್ಯೆ, ಮೈಗ್ರೇಶನ್ ಫೈಲುಗಳು, ವ್ಯಾಖ್ಯೆಯಿಂದ ತಾನಾಗಿ ಹುಟ್ಟುವ ಟೈಪುಗಳು, ಕೆಲವು ಪ್ರಶ್ನೆ ಕೇಳುವ ಫಂಕ್ಷನ್‌ಗಳು. ಮೂರೂ ಅಪ್ಲಿಕೇಶನ್‌ಗಳು ಇದನ್ನೇ ಆಮದು ಮಾಡಿಕೊಳ್ಳಬೇಕು. ದರದ ಅಂಕಣದ ಅರ್ಥ ಬದಲಾದರೆ ಗಡಹಿಂಗ್ಲಜದ ಕೋಡ್ ಕಂಪೈಲೇ ಆಗಬಾರದು. ಸುಮ್ಮನೆ ತಪ್ಪು ಲೆಕ್ಕ ಕೊಡೋದಕ್ಕಿಂತ ಜಗಳ ಮಾಡಿ ನಿಲ್ಲೋದು ಮೇಲು.

ಕಲಿತ ಮೂರು ಪಾಠ ಹೇಳ್ತೀನಿ. ಮೊದಲನೆಯದು, ಕಮಿಟ್ ಒಂದೇ ಕ್ಷಣದ್ದು, ಆದರೆ ನಿಯೋಜನೆ ಹಾಗಲ್ಲ. ಭಂಡಾರದಲ್ಲಿ ಮೂರೂ ಒಟ್ಟಿಗೆ ಬದಲಾದರೂ ಹಳೆಯ ಆವೃತ್ತಿ ಎಲ್ಲೋ ಓಡ್ತಾನೇ ಇರುತ್ತೆ. ಅದಕ್ಕೇ ದರವನ್ನು ಪೈಸೆಯ ಹತ್ತನೇ ಒಂದರಲ್ಲಿ ಇಡುವ ಹೊಸ ಪೂರ್ಣಾಂಕ ಅಂಕಣ ಸೇರಿಸಿದೆವು, ಐದೂವರೆ ಪೈಸೆ ಅಂದರೆ 55. ಸ್ವಲ್ಪ ದಿನ ಎರಡಕ್ಕೂ ಬರೆದು, ಓದುವವರನ್ನೆಲ್ಲ ಹೊಸದಕ್ಕೆ ಸಾಗಿಸಿ, ಕೊನೆಗೆ ಹಳೆಯದನ್ನು ತೆಗೆದೆವು. ಎರಡನೆಯದು, ಮೈಗ್ರೇಶನ್ ಓಡಿಸುವ ಅಧಿಕಾರ ಒಂದೇ ಕಡೆ ಇರಬೇಕು. ಮೂರು ಅಪ್ಲಿಕೇಶನ್‌ಗಳೂ ಶುರುವಾಗುವಾಗ ತಾವೇ ಓಡಿಸಹೊರಟರೆ ಗೊಂದಲ. ಮೂರನೆಯದು, ಹಂಚಿಕೆಯಾಗೋದು ಕೋಡ್ ಮಾತ್ರ, ಸಂಪರ್ಕವಲ್ಲ. ಪ್ರತಿ ಅಪ್ಲಿಕೇಶನ್ ತನ್ನದೇ ಸಂಪರ್ಕಗಳ ಗುಂಪು ತೆರೆಯುತ್ತೆ. ಪೋಸ್ಟ್‌ಗ್ರೆಸ್ಸಿನ ಪೂರ್ವನಿಗದಿತ ಮಿತಿ 100 ಸಂಪರ್ಕ. ಮೂರನ್ನೂ ಕೂಡಿಸಿ ಲೆಕ್ಕ ಇಡದಿದ್ದರೆ ಅದು ಮುಗಿದುಹೋಗುತ್ತೆ.

ಇನ್ನೊಂದು ಎಚ್ಚರಿಕೆ. ಡೇವಿಡ್ ಪಾರ್ನಸ್ 1972ರಲ್ಲೇ ಹೇಳಿದ್ದರು, ಬದಲಾಗುವ ಸಾಧ್ಯತೆ ಇರುವ ನಿರ್ಧಾರವನ್ನು ಒಂದು ಘಟಕದೊಳಗೆ ಮುಚ್ಚಿಡಬೇಕು ಅಂತ. ಹಂಚಿಕೆ ಅಂದರೆ ಎಲ್ಲವನ್ನೂ ತೆರೆದಿಡೋದಲ್ಲ. ನಮ್ಮ ಪ್ಯಾಕೇಜ್ ಮೊದಲು ಇಡೀ ಡೇಟಾಬೇಸನ್ನೇ ಹೊರಗೆ ಕೊಡ್ತಿತ್ತು. ಆಮೇಲೆ ಮಜೂರಿಯ ಲೆಕ್ಕವನ್ನು ಒಂದೇ ಫಂಕ್ಷನ್ ಮಾಡಿ ಅದನ್ನಷ್ಟೇ ಕೊಟ್ಟೆವು.

4. ಒಂದು ಹೆಸರು, ಎರಡು ಲಿಪಿ

ಭಂಡಾರ ಒಂದಾದ ಮೇಲೆ ಇನ್ನೊಂದು ಬಿರುಕು ಕಾಣಿಸಿತು. ಒಬ್ಬಳೇ ಹೆಂಗಸಿಗೆ ಎರಡು ಸಾಲು: ಒಂದರಲ್ಲಿ ಹೆಸರು ದೇವನಾಗರಿಯಲ್ಲಿ, ಇನ್ನೊಂದರಲ್ಲಿ ಕನ್ನಡದಲ್ಲಿ. ಇದು ಈ ನೆಲದ ಗುಣ. ಈ ಮೂರೂ ಊರು 1949ರ ಮಾರ್ಚ್ 1ರಂದು ಮುಂಬೈ ಪ್ರಾಂತ್ಯಕ್ಕೆ ಸೇರುವವರೆಗೆ ಕೊಲ್ಹಾಪುರ ಸಂಸ್ಥಾನದ ಕಕ್ಷೆಯಲ್ಲಿದ್ದವು. ಸಂಸ್ಥಾನದ ಹಳೆಯ ಕಾಗದಗಳು ಮೋಡಿ ಲಿಪಿಯಲ್ಲಿವೆ. ಅದೇ ಜಿಲ್ಲೆಯ ಖಿದ್ರಾಪುರದ ಕೋಪೇಶ್ವರ ದೇವಾಲಯದಲ್ಲಿ ಕನ್ನಡ ಶಾಸನಗಳಿವೆ. ಗಡಹಿಂಗ್ಲಜ ತಾಲೂಕಿನ ಹಳ್ಳಿಗಳಲ್ಲಿ ಇವತ್ತಿಗೂ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ.

ಇದಕ್ಕೂ ಒಂದು ಹಂಚಿಕೆಯ ಚರಿತ್ರೆ ಇದೆ. ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಅಂಗೀಕರಿಸಿದ ಇಸ್ಕಿ ಸಂಕೇತದಲ್ಲಿ ಬ್ರಾಹ್ಮಿ ಮೂಲದ ಲಿಪಿಗಳಿಗೆಲ್ಲ ಒಂದೇ ಕೋಷ್ಟಕ. 'ಕ' ಅನ್ನೋದಕ್ಕೆ ಒಂದೇ ಸಂಖ್ಯೆ, ತೋರಿಸುವಾಗ ಕನ್ನಡವೋ ದೇವನಾಗರಿಯೋ ಆಯ್ಕೆ. ಯೂನಿಕೋಡ್ ಲಿಪಿಗಳನ್ನು ಬೇರೆ ಮಾಡಿತು, ಆದರೆ ಆ ಜೋಡಣೆ ಉಳಿಸಿಕೊಂಡಿತು. ಕನ್ನಡದ 'ಕ' 3221, ದೇವನಾಗರಿಯ 'ಕ' 2325, ವ್ಯತ್ಯಾಸ 896. 'ಳ' ತಗೊಳ್ಳಿ, 3251 ಮತ್ತು 2355, ಮತ್ತೆ 896. 896 ಕಳೆದರೆ ಕೆಲಸ ಮುಗೀತು ಅಂತ ನಾವೂ ಕುಣಿದೆವು. ಆಗಲಿಲ್ಲ. ಕೆಂಚವ್ವ ಅನ್ನುವ ಹೆಸರಿನ ಹ್ರಸ್ವ 'ಎ'ಕಾರ ಮರಾಠಿ ಬರವಣಿಗೆಯಲ್ಲಿ ಇಲ್ಲ, ಅಲ್ಲಿ ಬರೆಯುವುದು ದೀರ್ಘದ ಚಿಹ್ನೆಯನ್ನೇ. ಸಂಖ್ಯೆ ಒಪ್ಪಿದರೂ ರೂಢಿ ಒಪ್ಪಲಿಲ್ಲ. ಕೊನೆಗೆ ವ್ಯಕ್ತಿಗೆ ಒಂದು ಗುರುತಿನ ಸಂಖ್ಯೆ ಕೊಟ್ಟು, ಹೆಸರುಗಳಿಗೆ ಬೇರೆ ಕೋಷ್ಟಕ ಮಾಡಿ, ಎರಡೂ ಲಿಪಿಯ ರೂಪಗಳನ್ನು ಆಕೆ ಹೇಗೆ ಬರೆಯುತ್ತಾಳೋ ಹಾಗೇ ಇಟ್ಟೆವು. ಎರಡರಲ್ಲಿ ಯಾವುದೂ ಇನ್ನೊಂದರ ನಕಲಲ್ಲ.

5. ಯಾರು ತಿದ್ದಬೇಕು

ಈಗ ಮೊದಲ ಪ್ರಶ್ನೆಗೆ ಬರೋಣ. ಕಾಪಿಬುಕ್, ಕಾಡ್, ಮೊನೊರೆಪೊ ಎಲ್ಲವೂ ವ್ಯಾಖ್ಯೆ ಎಲ್ಲಿರಬೇಕು ಎಂಬುದಕ್ಕೆ ಉತ್ತರ ಕೊಟ್ಟವು. ಯಾರು ತಿದ್ದಬೇಕು ಎಂಬುದನ್ನು ಅವು ನಮಗೇ ಬಿಟ್ಟಿವೆ. ಗಿಟ್‌ಹಬ್ 2017ರಲ್ಲಿ 'ಕೋಡ್‌ಓನರ್ಸ್' ಎಂಬ ಫೈಲಿನ ಸೌಲಭ್ಯ ತಂದಿತು, ಯಾವ ಕಡತ ಬದಲಾದರೆ ಯಾರ ಒಪ್ಪಿಗೆ ಕೇಳಬೇಕು ಎಂದು ಬರೆದಿಡೋದಕ್ಕೆ. ನಮ್ಮ ಮೊದಲ ಪಟ್ಟಿಯಲ್ಲಿ ಇದ್ದವರೆಲ್ಲ ಕೊಲ್ಹಾಪುರದವರು. ಅಂದರೆ ಮೂರು ನಕಲಿನ ಅರಾಜಕತೆ ಹೋಗಿ ಒಂದೇ ಕಚೇರಿಯ ಆಳ್ವಿಕೆ ಬಂದಿತ್ತು. ದರದ ಅರ್ಥ ಗೊತ್ತಿದ್ದದ್ದು ಶೆಡ್ಡಿನವರಿಗೆ, ತಪ್ಪಿದರೆ ನಷ್ಟವಾಗುವುದೂ ಅವರಿಗೇ.

ಹೋಲಿಕೆಗೆ ಇದೇ ಪ್ರದೇಶದ ಒಂದು ಸಂಗತಿ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಹೆಸರು ಒಂದು ಊರಿನದು, ಆದರೆ ಹಕ್ಕು ಎರಡು ರಾಜ್ಯಗಳ ಎಂಟು ಜಿಲ್ಲೆಗಳದು: ಆ ಕಡೆ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ, ಈ ಕಡೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಮಹಾರಾಷ್ಟ್ರದ ಲಿಡ್‌ಕಾಮ್, ಕರ್ನಾಟಕದ ಲಿಡ್‌ಕರ್ ಎಂಬ ಎರಡು ಚರ್ಮೋದ್ಯಮ ನಿಗಮಗಳು ಅದರ ಜಂಟಿ ಒಡೆಯರು. ವ್ಯಾಖ್ಯೆ ಒಂದು, ಸಹಿ ಎರಡು. ಹಂಚಿಕೆ ಅಂದರೆ ಇದು ಅಂತ ನನಗೆ ಅನಿಸುತ್ತೆ.

ನಾವು ಆಮೇಲೆ ಪಟ್ಟಿ ತಿದ್ದಿದೆವು. ಮಜೂರಿಗೆ ಸಂಬಂಧಿಸಿದ ಯಾವ ಮೈಗ್ರೇಶನ್ ಇದ್ದರೂ ಮೂರೂ ಊರಿನ ಒಬ್ಬೊಬ್ಬರ ಒಪ್ಪಿಗೆ ಬೇಕು. ಶೆಡ್ಡಿನ ಪರವಾಗಿ ಒಪ್ಪಿಗೆ ಕೊಡುವವರಿಗೆ ಕೋಡ್ ಬರೋದಿಲ್ಲ. ಹಾಗಾಗಿ ಪ್ರತಿ ಬದಲಾವಣೆಯ ಜೊತೆ ಒಂದು ಮಾದರಿ ಲೆಕ್ಕ ಕನ್ನಡದಲ್ಲಿ, ಮರಾಠಿಯಲ್ಲಿ ಬರೆದು ಕೊಡಬೇಕು: ಇಷ್ಟು ಪಿಕ್, ಇಷ್ಟು ಮೀಟರ್, ಇಷ್ಟು ರೂಪಾಯಿ. ಕೆಲಸ ಸ್ವಲ್ಪ ನಿಧಾನವಾಯಿತು, ಒಪ್ತೀನಿ. ಆ ಮಾದರಿ ಲೆಕ್ಕಗಳಲ್ಲಿ ಮೊದಲನೆಯದು ಆ ಪಾಕೆಟ್ ಡೈರಿಯ ಪುಟದಿಂದಲೇ ಬಂತು. ಈಗ ಅದು ಪ್ಯಾಕೇಜಿನೊಳಗೆ ಒಂದು ಪರೀಕ್ಷೆಯಾಗಿದೆ, ಪ್ರತಿ ಸಲ ಓಡುತ್ತೆ.