ಮೈಸೂರಿನ ಕಾಡಿನಿಂದ ಲಂಡನ್ನಿನ ಕಿರುತೆರೆಗೆ

1937ರ ‘ಎಲಿಫೆಂಟ್ ಬಾಯ್’ ಚಿತ್ರವೆಂದರೆ ಕನ್ನಡಿಗರಿಗೆ ನೆನಪಾಗುವವನು ಕಾರಾಪುರದ ಮಾವುತನ ಮಗ ಸಾಬು. ರಾಬರ್ಟ್ ಫ್ಲಾಹರ್ಟಿ ಮೈಸೂರು ಸೀಮೆಯಲ್ಲಿ ಚಿತ್ರೀಕರಿಸಿದ ದೃಶ್ಯಗಳನ್ನೂ ಜೋಲ್ಟಾನ್ ಕೋರ್ಡಾ ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ತೆಗೆದ ದೃಶ್ಯಗಳನ್ನೂ ಒಂದೇ ಕಥೆಯಾಗಿ ಹೆಣೆದ ಸಂಕಲನಕಾರನನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅವರೇ ಚಾರ್ಲ್ಸ್ ಕ್ರೈಟನ್ (1910–1999).

ಮುಂದೆ ನಿರ್ದೇಶಕರಾದ ಕ್ರೈಟನ್, 1951ರಲ್ಲಿ ಈಲಿಂಗ್ ಸಂಸ್ಥೆಗಾಗಿ ‘ದಿ ಲ್ಯಾವೆಂಡರ್ ಹಿಲ್ ಮಾಬ್’ ಎಂಬ ನಗೆಚಿತ್ರವನ್ನಿತ್ತರು. ಮರುವರ್ಷದ ‘ಹಂಟೆಡ್’ ರೋಚಕ ಚಿತ್ರ. ಕೊಲೆಗಾರನೊಬ್ಬನೂ ಮನೆಬಿಟ್ಟ ಬಾಲಕನೂ ಜೊತೆಯಾಗಿ ಓಡುತ್ತಾರೆ. ಪಾರಾಗಲು ದೋಣಿ ಸಿಕ್ಕಿದ್ದರೂ, ಹುಡುಗನ ಕಾಯಿಲೆ ಕಂಡು ಆತ ದೋಣಿಯನ್ನು ದಡಕ್ಕೇ ತಿರುಗಿಸುತ್ತಾನೆ. ಸೆರೆಸಿಕ್ಕುವ ಭಯಕ್ಕಿಂತ ಕರುಣೆ ಅಲ್ಲಿ ದೊಡ್ಡದಾಗುತ್ತದೆ.

1965ರ ಬಳಿಕ 23 ವರ್ಷ ಅವರು ಚಿತ್ರಮಂದಿರಕ್ಕೆಂದು ಕಥಾಚಿತ್ರ ಮಾಡಲಿಲ್ಲ. ಆದರೆ ಕೈಕಟ್ಟಿ ಕೂರಲೂ ಇಲ್ಲ. ‘ಡೇಂಜರ್ ಮ್ಯಾನ್’, ‘ದಿ ಅವೆಂಜರ್ಸ್’, ‘ಸ್ಪೇಸ್: 1999’ ಮೊದಲಾದ ಸಾಹಸ ಧಾರಾವಾಹಿಗಳ ಕಂತುಗಳನ್ನು ನಿರ್ದೇಶಿಸಿದರು. ಸುಮಾರು ಐವತ್ತು ನಿಮಿಷದಲ್ಲಿ ಅಪಾಯವೊಂದು ಹುಟ್ಟಿ, ಬೆಳೆದು, ಬಗೆಹರಿಯಬೇಕು. ಎಲ್ಲಿ ಕತ್ತರಿಸಬೇಕೆಂದು ಬಲ್ಲ ಸಂಕಲನಕಾರನಿಗೆ ಅದು ಒಗ್ಗುವ ಕೆಲಸವೇ.

1988ರಲ್ಲಿ, ಎಪ್ಪತ್ತೆಂಟರ ಹೊಸ್ತಿಲಲ್ಲಿ, ‘ಎ ಫಿಶ್ ಕಾಲ್ಡ್ ವಾಂಡಾ’ ಅವರನ್ನು ಮತ್ತೆ ಬೆಳ್ಳಿತೆರೆಗೆ ತಂದಿತು. ಶ್ರೇಷ್ಠ ನಿರ್ದೇಶಕ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನವೂ ದೊರೆಯಿತು. ಹಿರಿಯ ಪರದೆ ಮರೆತಿದ್ದಾಗಲೂ ಕಿರಿಯ ಪರದೆಯಲ್ಲಿ ಕಸುಬನ್ನು ಹರಿತವಾಗಿಟ್ಟುಕೊಂಡವರಿಗೆ ಸಂದ ಗೌರವವದು.

ಮುಂದೊಮ್ಮೆ ಮಕ್ಕಳೊಡನೆ ‘ಎಲಿಫೆಂಟ್ ಬಾಯ್’ ನೋಡುವಾಗ, ಸಾಬುವಿನೊಂದಿಗೆ ಈ ಹೆಸರನ್ನೂ ಅವರಿಗೆ ಹೇಳೋಣ.